ರಾಕ್ಷಸನಿಗೆ ಕೊಂಬು ಬಂದದ್ದು ಎಲ್ಲಿಂದ?

"ಅವನಿಗೇನು ತಲೆ ಮೇಲೆ ಎರಡು ಕೊಂಬಿದೆಯಾ?" ಅಂತ ಕೇಳ್ತೀವಲ್ಲ, ಅದರ ಅರ್ಥ ಅವನೂ ನಮ್ಮ ಹಾಗೇ ಮನುಷ್ಯ ತಾನೇ, ಅಷ್ಟು ಯಾಕೆ ಮೆರೀತಾನೆ ಅಂತ. ಅಂದರೆ ಕೊಂಬು ಇದ್ದವನು ಮನುಷ್ಯ ಅಲ್ಲ. ಈ ಲೆಕ್ಕ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಾವ ಮಗುವಿಗಾದರೂ ಹಾಳೆ, ಪೆನ್ಸಿಲ್ ಕೊಟ್ಟು ‘ಒಂದು ರಾಕ್ಷಸನ ಚಿತ್ರ ಬರಿ’ ಅಂದು ನೋಡಿ. ದೊಡ್ಡ ಹೊಟ್ಟೆ, ಗುಂಗುರು ಕೂದಲು, ಎರಡು ಕೋರೆಹಲ್ಲು, ತಲೆ ಮೇಲೆ ಎರಡು ಕೊಂಬು. ತಪ್ಪುವುದೇ ಇಲ್ಲ!

ತಮಾಷೆ ಏನಪ್ಪಾ ಅಂದ್ರೆ ವಾಲ್ಮೀಕಿಯ ರಾವಣನಿಗೆ ಹತ್ತು ತಲೆ ಇದೆ, ಇಪ್ಪತ್ತು ಕೈ ಇದೆ, ಕೊಂಬು ಮಾತ್ರ ಇಲ್ಲ. ಹಾಗಾದರೆ ಈ ಕೊಂಬನ್ನು ತಂದು ಅಂಟಿಸಿದವರು ಯಾರು?

ಈ ಪ್ರಶ್ನೆ ನನಗೆ ಅಂಟಿಕೊಂಡದ್ದು ಫ್ಯಾಂಟಸಿ ಚಿತ್ರಗಳ ಹುಚ್ಚಿನಿಂದ. ಆಫೀಸಿನಲ್ಲಿ ನನ್ನ ಅಕ್ಕಪಕ್ಕ ಕೂರುವವರಲ್ಲಿ ಅರ್ಧ ಜನರ ಲ್ಯಾಪ್‌ಟಾಪ್ ತೆರೆದರೆ ಒಂದು ಡ್ರ್ಯಾಗನ್ನೋ, ಕೊಡಲಿ ಹಿಡಿದ ಯೋಧನೋ ಕಾಣುತ್ತಾನೆ. ನಿನ್ನ ಫೇವರಿಟ್ ಆರ್ಟಿಸ್ಟ್ ಯಾರು ಅಂತ ಕೇಳಿದರೆ ಅವರ ಪಟ್ಟಿ ಫ್ರಾಂಕ್ ಫ್ರಾಜೆಟ್ಟಾನಿಂದ ಶುರುವಾಗಿ ಅಲನ್ ಲೀ, ಜಾನ್ ಹೋವ್ ಹತ್ತಿರ ಮುಗಿಯುತ್ತದೆ. ನನ್ನ ಪಟ್ಟಿ ಶುರುವಾಗುವುದು ಚೌಕಿಯಿಂದ. ಚೌಕಿ ಅಂದರೆ ಘಟ್ಟದ ಮೇಲಿನವರಿಗೆ ಹೇಳಬೇಕು: ಯಕ್ಷಗಾನ ಮೇಳದವರು ಬಣ್ಣ ಹಚ್ಚಿಕೊಂಡು ವೇಷ ಕಟ್ಟಿಕೊಳ್ಳುವ ಜಾಗ.

ನಮ್ಮೂರು ಶಂಕರನಾರಾಯಣ. ಕುಂದಾಪುರದಿಂದ ಒಳಗೆ ಘಟ್ಟದ ಕಡೆಗೆ ಬಂದರೆ ಸಿಗುವ ಊರು. ಕ್ರೋಢ ಮುನಿ ತಪಸ್ಸು ಮಾಡಿದ ಜಾಗ ಅಂತ ಸ್ಥಳಪುರಾಣ, ದೇವರು ಶಿವ ವಿಷ್ಣು ಇಬ್ಬರೂ ಸೇರಿದ ಶಂಕರನಾರಾಯಣ. ಒಂದು ಮೈಯಲ್ಲಿ ಇಬ್ಬರು ದೇವರು ಅನ್ನುವುದೇ ಒಂದು ದೊಡ್ಡ ಚಿತ್ರಕಲೆಯ ಸಮಸ್ಯೆ ನೋಡಿ. ಬಾದಾಮಿಯ ಒಂದನೇ ಗುಹೆಯಲ್ಲಿ ಆರನೇ ಶತಮಾನದ ಶಿಲ್ಪಿ ಅದನ್ನು ಹೇಗೆ ಬಿಡಿಸಿದ ಅಂದರೆ ನೆತ್ತಿಯಿಂದ ನೇರ ಕೆಳಗೆ ಒಂದು ಗೆರೆ ಎಳೆದು, ಬಲಕ್ಕೆ ಜಟೆ, ಎಡಕ್ಕೆ ಕಿರೀಟ. ಅಷ್ಟೇ. ಮುಖ ಮಾತ್ರ ಒಂದೇ. ಇಲ್ಲದ್ದನ್ನು ಇದೆ ಅನ್ನಿಸುವ ಹಾಗೆ ಮಾಡುವ ಕೆಲಸ ನಮ್ಮಲ್ಲಿ ಬಹಳ ಹಿಂದಿನಿಂದಲೂ ನಡೆದಿದೆ ಅನ್ನುವುದಕ್ಕೆ ಹೇಳಿದೆ.

ಇನ್ನು ಬಣ್ಣದ ವೇಷಕ್ಕೆ ಬರೋಣ.

ನಮ್ಮ ಕಡೆ ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಮೇಳಗಳ ಹರಕೆ ಆಟ ಅಂದರೆ ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ಎಲ್ಲಾದರೂ ಒಂದು ಕಡೆ ಇದ್ದೇ ಇರುತ್ತದೆ. ಯಕ್ಷಗಾನದಲ್ಲಿ ರಾಕ್ಷಸನ ಪಾತ್ರಕ್ಕೆ ‘ಬಣ್ಣದ ವೇಷ’ ಅಂತಲೇ ಹೆಸರು. ಉಳಿದ ವೇಷಗಳಿಗೆ ಬಣ್ಣ ಇಲ್ಲ ಅಂತಲ್ಲ, ಆದರೆ ಬಣ್ಣ ಅಂದರೆ ರಾಕ್ಷಸನದ್ದೇ ಬಣ್ಣ! ಮೊದಲು ಮುಖಕ್ಕೆ ತಳದ ಬಣ್ಣ. ಅದರ ಮೇಲೆ ಇಂಗಳೀಕದ ಕೆಂಪು, ಮಸಿಯ ಕಪ್ಪು, ಸಫೇತಿನ ಬಿಳಿ. ಅಕ್ಕಿ ಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿ, ಕಡ್ಡಿಯ ತುದಿಯಲ್ಲಿ ಅದ್ದಿ, ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡುತ್ತಾ ಹೋಗುವುದು. ಒಂದು ಸಾಲು ಒಣಗಬೇಕು, ಆಮೇಲೆ ಅದರ ಮೇಲೆ ಇನ್ನೊಂದು ಸಾಲು. ಮುಳ್ಳಿನ ಹಾಗೆ ಎದ್ದು ನಿಲ್ಲುತ್ತವೆ. ಗಂಟೆಗಟ್ಟಲೆ ಕೆಲಸ. ಮೂಗಿನ ತುದಿಗೆ, ಹಣೆಗೆ ಹತ್ತಿಯ ಉಂಡೆ. ದಾಡೆ. ಎಲ್ಲ ಮುಗಿಯುವ ಹೊತ್ತಿಗೆ ಸಂಜೆ ನಮ್ಮ ಜೊತೆ ಕೂತು ಚಾ ಕುಡಿದ ಮನುಷ್ಯನ ಮುಖ ಅಲ್ಲಿ ಎಲ್ಲೂ ಇಲ್ಲ. ಕಣ್ಣು ಮಾತ್ರ ಅವರದ್ದೇ.

ಚಿಕ್ಕವನಿದ್ದಾಗ ನಾನು ಅಮ್ಮಮ್ಮನ ಸೆರಗಿನೊಳಗೆ ಮುಖ ಹುಗಿಸಿಕೊಂಡು ಆಟ ನೋಡುತ್ತಿದ್ದೆ. "ಹೆದ್ರ್‌ಬೇಡ ಮಗಾ, ಅದ್ ವೇಷ ಅಲ್ದಾ" ಅಂತ ಅಮ್ಮಮ್ಮ ಬೆನ್ನು ತಟ್ಟುವುದು. ವೇಷ ಅಂತ ಗೊತ್ತಿದ್ದೂ ಹೆದರಿಕೆ ಹೋಗುತ್ತಿರಲಿಲ್ಲ, ಅದೇ ಅದರ ಮಜಾ.

ಬಣ್ಣದ ವೇಷ ಒಮ್ಮೆಲೇ ರಂಗಕ್ಕೆ ಬರುವುದಿಲ್ಲ. ಇಬ್ಬರು ಅಡ್ಡ ಹಿಡಿದ ತೆರೆಯ ಹಿಂದೆ ಅವನ ಅಬ್ಬರ ಮಾತ್ರ ಕೇಳುತ್ತದೆ. ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ. ದೊಂದಿಗೆ ರಾಳದ ಹುಡಿ ಎಸೆದಾಗ ಭಗ್ಗನೆ ಬೆಂಕಿ. ಆಮೇಲೆ ಕಣ್ಣು. ತೆರೆ ಪೂರ್ತಿ ಸರಿಯುವುದು ಎಷ್ಟೋ ಹೊತ್ತಿನ ನಂತರ. ಹಳೆ ಕ್ರಮದ ಒಡ್ಡೋಲಗದಲ್ಲಿ ಇನ್ನೂ ಒಂದು ಚೆಂದ ಇತ್ತು: ಇಷ್ಟು ಭಯಂಕರ ರಾಕ್ಷಸ ಸ್ನಾನ ಮಾಡಿದ ಹಾಗೆ, ವಿಭೂತಿ ಹಚ್ಚಿಕೊಂಡ ಹಾಗೆ, ಶಿವಪೂಜೆಗೆ ಕೂತ ಹಾಗೆ ಅಭಿನಯ ಮಾಡುತ್ತಾನೆ. ಅಂದರೆ ಅವನಿಗೂ ಬೆಳಗಾಗುತ್ತದೆ, ಅವನಿಗೂ ದೇವರಿದ್ದಾನೆ. ಫ್ಯಾಂಟಸಿ ಚಿತ್ರದಲ್ಲಿ ನಾನು ಹುಡುಕುವುದು ಇದನ್ನೇ. ರೆಕ್ಕೆ, ಬೆಂಕಿ, ಕತ್ತಿ ಎಲ್ಲ ಯಾರು ಬೇಕಾದರೂ ಬರೆಯಬಹುದು. ರಾಕ್ಷಸ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ ಅಂತ ಯೋಚಿಸಿದವನೇ ದೊಡ್ಡ ಕಲಾವಿದ.

ಗಮನಿಸಿ, ಬಣ್ಣದ ವೇಷದ ರಾವಣನಿಗೆ ಕೊಂಬಿಲ್ಲ. ಕೊಂಬು ಇರುವುದು ದೇವಿ ಮಹಾತ್ಮೆಯ ಮಹಿಷಾಸುರನಿಗೆ. ಅವನು ಕೋಣ, ಅವನಿಗೆ ಕೋಡು ಇರಲೇಬೇಕು. ನಮ್ಮ ಕಡೆ ಕೊಂಬಿಗಿಂತ ‘ಕೋಡು’ ಅನ್ನುವುದೇ ಜಾಸ್ತಿ. ಕೊಂಬು ಅಂದರೆ ದೇವಸ್ಥಾನದಲ್ಲಿ ಊದುವುದು. (ಮತ್ತೆ ‘ಕು’ ಬರೆಯುವಾಗ ಕೊಡುವ ಕೊಂಬು ಬೇರೆ. ಇರ್ಲಿ.) ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ ಪುಸ್ತಕದಲ್ಲಿ ಈ ವೇಷಭೂಷಣಗಳನ್ನು ಕೂತು ದಾಖಲಿಸದಿದ್ದರೆ ಹಳೆಯ ಕ್ರಮ ಹೇಗಿತ್ತು ಅನ್ನುವುದು ಅರ್ಧ ಮರೆತೇ ಹೋಗುತ್ತಿತ್ತು. ಆ ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾದಂಬರಿಗಾರ ಕಾರಂತರಿಗೆ ಆ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ಯಕ್ಷಗಾನದ ಪುಸ್ತಕಕ್ಕೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಬ್ರಹ್ಮಾವರದ ಕಡೆ ಹೋದರೆ ಶಿರಿಯಾರದ ಹತ್ತಿರ ಮೆಕ್ಕೆಕಟ್ಟು ಅಂತ ಇದೆ. ಅಲ್ಲಿಯ ನಂದಿಕೇಶ್ವರ ದೇವಸ್ಥಾನದಲ್ಲಿ ಮರದ ಭೂತಗಳ ಒಂದು ದೊಡ್ಡ ಸಭೆಯೇ ಇದೆ. ಆಳೆತ್ತರದವು, ಅದಕ್ಕಿಂತ ದೊಡ್ಡವು, ಕೆಂಪು ಹಳದಿ ಬಣ್ಣ ಬಳಿದುಕೊಂಡು ಕಣ್ಣು ಬಿಟ್ಟುಕೊಂಡು ನಿಂತಿರುವವು. ಹಳೆಯ ಮೂರ್ತಿಗಳಲ್ಲಿ ಕೆಲವು ಈಗ ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿವೆ. ನಾನು ಒಂದು ಸಲ ಕೆಲಸದ ಮೇಲೆ ದೆಹಲಿಗೆ ಹೋಗಿದ್ದಾಗ ಅಲ್ಲಿ ಅವನ್ನು ನೋಡಿದೆ. ಬಣ್ಣ ಮಾಸಿ ಮರ ಕಾಣುತ್ತದೆ, ಉಳಿಯ ಗುರುತು ಕಾಣುತ್ತದೆ. ಪರದೇಶದಲ್ಲಿ ಊರಿನವರು ಸಿಕ್ಕಿದ ಹಾಗಾಯ್ತು, ನಿಜ ಹೇಳ್ತೀನಿ. ಪಕ್ಕದಲ್ಲಿ ನಿಂತಿದ್ದವರು ಅದನ್ನು ‘ಫೋಕ್ ಆರ್ಟ್’ ಅಂದರು. ಅದೇ ಕೆಲಸವನ್ನು ನ್ಯೂಜಿಲೆಂಡಿನ ಒಂದು ಸ್ಟುಡಿಯೋದಲ್ಲಿ ಸಿನಿಮಾಕ್ಕೆ ಮಾಡಿದರೆ ‘ಕ್ರೀಚರ್ ಡಿಸೈನ್’ ಅನ್ನುತ್ತಾರೆ!

ಇಷ್ಟು ನಮ್ಮೂರಿನ ರಾಕ್ಷಸರು. ಕೊಂಬಿನ ರಾಕ್ಷಸ ನಮ್ಮನೆಗೆ ಬಂದದ್ದು ಬಸ್ಸಿನಲ್ಲಿ, ಮದ್ರಾಸಿನಿಂದ.

ಚಂದಮಾಮ.

ನನ್ನ ವಯಸ್ಸಿನವರು ಚಂದಮಾಮವನ್ನು ತಿಂಗಳು ತಿಂಗಳು ಕಾದು ಓದಿದ ಕೊನೆಯ ತಲೆಮಾರು ಇರಬೇಕು. ನಾನು ಓದಿದ್ದರಲ್ಲಿ ಹೆಚ್ಚಿನದು ಅಮ್ಮ ಮತ್ತು ಮಾವಂದಿರು ಕೂಡಿಟ್ಟದ್ದು. ಧಾರಾವಾಹಿಯ ಪುಟಗಳನ್ನು ಮಾತ್ರ ಬಿಡಿಸಿ, ಗೋಣಿ ಸೂಜಿಯಲ್ಲಿ ಹೊಲಿದು, ಹಳೆ ಕ್ಯಾಲೆಂಡರಿನ ರಟ್ಟು ಹಾಕಿ ಮಾಡಿದ ಬೈಂಡುಗಳು. ನಿಮ್ಮ ಮನೆಯಲ್ಲೂ ಇದ್ದಿರಬಹುದು. ಅಟ್ಟದಲ್ಲಿ, ಇರುವೆ ಮತ್ತು ಒರಲೆಯ ಜೊತೆ.

ಚಂದಮಾಮ 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಶುರುವಾಯ್ತು, ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅದರ ಯಜಮಾನರು. ಕನ್ನಡ ಚಂದಮಾಮ 1949ರಲ್ಲಿ ಬಂತು. ಇದೇ ಜೋಡಿ ‘ಪಾತಾಳ ಭೈರವಿ’ (1951), ‘ಮಾಯಾಬಜಾರ್’ (1957) ಸಿನಿಮಾ ಮಾಡಿದ್ದು ಅನ್ನುವುದನ್ನು ಮರೆಯಬಾರದು. ಮಾಂತ್ರಿಕ, ರಾಜಕುಮಾರಿ, ಘಟೋತ್ಕಚ ಇವರೆಲ್ಲರನ್ನು ಒಂದು ಕಡೆ ಪರದೆಗೆ, ಇನ್ನೊಂದು ಕಡೆ ಪುಟಕ್ಕೆ ತಯಾರು ಮಾಡುತ್ತಿದ್ದ ಮನೆ ಅದು. ಮದ್ರಾಸಿನ ವಡಪಳನಿಯಲ್ಲಿ ಅಚ್ಚಾಗುತ್ತಿತ್ತು. ಎಲ್ಲ ಭಾಷೆಗಳಲ್ಲೂ ಪುಟದ ವಿನ್ಯಾಸ ಒಂದೇ, ಚಿತ್ರ ಒಂದೇ, ಅಕ್ಷರ ಮಾತ್ರ ಬೇರೆ. ಹಾಗಾಗಿ ಶಂಕರನಾರಾಯಣದ ಹುಡುಗ, ಶ್ರೀಕಾಕುಳಂನ ಹುಡುಗ, ಒಡಿಶಾದ ಹುಡುಗಿ, ಪುಣೆಯ ಹುಡುಗಿ ಎಲ್ಲರ ಕನಸಿನಲ್ಲೂ ಬಂದದ್ದು ಒಂದೇ ರಾಕ್ಷಸ. ಇದಕ್ಕೆ ಮೊದಲು ಹೀಗಿರಲಿಲ್ಲ. ನಮ್ಮ ರಾಕ್ಷಸ ಚಿಟ್ಟಿಯವನು, ಬಂಗಾಳದವರದು ಇನ್ನೊಂದು ಥರ, ರಾಜಸ್ಥಾನದವರದು ಮತ್ತೊಂದು ಥರ.

ಆ ಒಂದೇ ರಾಕ್ಷಸನನ್ನು ಬರೆದವರು ಯಾರು? ಮುಖ್ಯವಾಗಿ ನಾಲ್ಕು ಕೈ.

ಒಂದು, ‘ಚಿತ್ರಾ’ ಅಂತ ಸಹಿ ಹಾಕುತ್ತಿದ್ದ ಟಿ. ವೀರರಾಘವನ್. ಹೆಸರು ನೋಡಿ ನಾನು ಎಷ್ಟೋ ವರ್ಷ ಇವರನ್ನು ಹೆಂಗಸು ಅಂದುಕೊಂಡಿದ್ದೆ, ನೀವೂ ಅಂದುಕೊಂಡಿರಬಹುದು :-) ಶಾಲೆಯಲ್ಲಿ ಕಲಿತ ಕಲಾವಿದರಲ್ಲ, ತಾವೇ ಕಲಿತವರು. ದಾಸರಿ ಸುಬ್ರಹ್ಮಣ್ಯಂ ಬರೆದ ಆ ಜಾನಪದ ಧಾರಾವಾಹಿಗಳು, ತೆಲುಗಿನಲ್ಲಿ ‘ತೋಕಚುಕ್ಕ’, ‘ರಾಕಾಸಿ ಲೋಯ’, ‘ಪಾತಾಳ ದುರ್ಗಂ’ ಅಂತೆಲ್ಲ ಬಂದವು, ಎಲ್ಲ ಭಾಷೆಗೂ ಹೋದವು, ಅವುಗಳ ಚಿತ್ರ ಇವರದ್ದು. ನನ್ನ ಅತ್ಯಂತ ಇಷ್ಟದ ಕಲಾವಿದ ಯಾರು ಅಂದರೆ ಇವರೇ. ಬೇಕಿದ್ದರೆ ಜಗಳಕ್ಕೆ ಬನ್ನಿ. ಅವರ ಕಾಡು ನಿಜವಾದ ಕಾಡು. ಗಿಡಗಂಟಿಗಳ ನಡುವೆ ಕಾಲಿಡುವ ಜಾಗ ಎಲ್ಲಿ ಅಂತ ಗೊತ್ತಾಗುತ್ತದೆ. ಅವರ ರಾಕ್ಷಸರು ಚರ್ಮ ಉಟ್ಟಿರುತ್ತಾರೆ, ಮತ್ತೆ ಆ ಚರ್ಮವನ್ನು ಸೊಂಟಕ್ಕೆ ಹಗ್ಗದಲ್ಲಿ ಹೇಗೆ ಕಟ್ಟಿದ್ದಾರೆ ಅನ್ನುವುದು ಕಾಣುತ್ತದೆ. ಗದೆಯ ಭಾರಕ್ಕೆ ಭುಜ ಒಂದು ಕಡೆ ವಾಲಿರುತ್ತದೆ. 1978ರಲ್ಲಿ ತೀರಿಕೊಂಡರು.

ಎರಡು, ಶಂಕರ್. ಕೆ.ಸಿ. ಶಿವಶಂಕರನ್. ಮದ್ರಾಸಿನ ಕಲಾಶಾಲೆಯಲ್ಲಿ ಕಲಿತು 1950ರ ದಶಕದ ಮೊದಲಿಗೆ ಚಂದಮಾಮ ಸೇರಿದವರು, ಪತ್ರಿಕೆ ನಿಲ್ಲುವ ತನಕ, ಸುಮಾರು ಅರುವತ್ತು ವರ್ಷ, ಅಲ್ಲೇ ಬರೆದವರು. ಒಂದೇ ಕಡೆ ಅರುವತ್ತು ವರ್ಷ! ನಮ್ಮ ಫೀಲ್ಡಿನಲ್ಲಿ ಎರಡು ವರ್ಷ ಒಂದೇ ಕಂಪನಿಯಲ್ಲಿದ್ದರೆ ಮನೆಯವರಿಗಿಂತ ಮೊದಲು ಎಚ್‌ಆರ್‌ನವರಿಗೆ ಆಶ್ಚರ್ಯ. ಬೇತಾಳ ಕಥೆಗಳ ತಲೆಚಿತ್ರ, ಕೈಯಲ್ಲಿ ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಶವ, ಅದು ಇವರದ್ದು. ಆ ಚಿತ್ರವನ್ನು ಮತ್ತೊಮ್ಮೆ ನೋಡಿ. ಶವ ಭಾರವಾಗಿದೆ. ಜೀವ ಇಲ್ಲದ ಕೈಕಾಲು ಹೇಗೆ ಜೋತುಬೀಳುತ್ತದೋ ಹಾಗೇ ಜೋತುಬಿದ್ದಿದೆ. ಬೇತಾಳ ಇರುವುದನ್ನು ನಾವು ನಂಬುವುದು ಆ ಭಾರದಿಂದ. 2020ರ ಸೆಪ್ಟೆಂಬರ್‌ನಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ಹೋದರು. ಪದ್ಮಶ್ರೀ ಬಂದದ್ದು 2021ರಲ್ಲಿ, ಮರಣದ ನಂತರ. ನಮ್ಮ ದೇಶದಲ್ಲಿ ಪ್ರಶಸ್ತಿಗೂ ಸ್ವಲ್ಪ ಬೇತಾಳನ ಸ್ವಭಾವ ಇದೆ, ಶವ ಕಂಡ ಮೇಲೇ ಏರುತ್ತದೆ.

ಮೂರು, ವಡ್ಡಾದಿ ಪಾಪಯ್ಯ, ‘ವಪಾ’. 1921ರಲ್ಲಿ ಶ್ರೀಕಾಕುಳಂನಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡ ಇವರ ಮುಖಪುಟಗಳು ಬಣ್ಣಕ್ಕೆ ಹೆಸರುವಾಸಿ. ನನಗೆ ಸ್ವಲ್ಪ ಸಿಹಿ ಜಾಸ್ತಿ ಅನ್ನಿಸುತ್ತದೆ. ಅಷ್ಟೇ ಹೇಳಿ ಮುಂದೆ ಹೋಗುತ್ತೇನೆ, ಆಂಧ್ರದ ಗೆಳೆಯರು ಇದನ್ನು ಓದಿಸಿಕೊಂಡು ಕೇಳಿದರೆ ಕಷ್ಟ.

ನಾಲ್ಕನೆಯವರು ನಮ್ಮವರು. ಎಂ.ಟಿ.ವಿ. ಆಚಾರ್ಯ. ಮೈಸೂರಿನ ಕಡೆಯ ಕನ್ನಡಿಗರು. ಚಂದಮಾಮದ ಮುಖಪುಟದಲ್ಲಿ ಮಹಾಭಾರತದ ದೃಶ್ಯಗಳನ್ನು ಬರೆದವರು. ಆಮೇಲೆ ಮದ್ರಾಸು ಬಿಟ್ಟು ಬೆಂಗಳೂರಿಗೆ ಬಂದು ಅಂಚೆಯ ಮೂಲಕ ಚಿತ್ರಕಲೆ ಕಲಿಸುವ ಶಾಲೆ ನಡೆಸಿದರು. ಪೋಸ್ಟಿನಲ್ಲಿ ಪಾಠ ಬರುವುದು, ಬರೆದ ಚಿತ್ರ ಪೋಸ್ಟಿನಲ್ಲಿ ಹೋಗುವುದು, ಅದರ ಮೇಲೆ ತಿದ್ದಿ ವಾಪಸ್ ಬರುವುದು. ಈಗಿನ ಆನ್‌ಲೈನ್ ಕೋರ್ಸಿನವರು ಏನೋ ಹೊಸದು ಕಂಡುಹಿಡಿದವರ ಹಾಗೆ ಜಾಹೀರಾತು ಹಾಕುವಾಗ ನನಗೆ ಇವರ ನೆನಪಾಗುತ್ತದೆ. ಆಚಾರ್ಯರ ಭೀಮನ ಮೈಯಲ್ಲಿ ಮಾಂಸಖಂಡ ಇರಬೇಕಾದ ಕಡೆ ಇದೆ. ಫ್ರಾಜೆಟ್ಟಾನ ಕೊನಾನ್ 1966ರಲ್ಲಿ ಅಮೆರಿಕದ ಪುಸ್ತಕದಂಗಡಿಗೆ ಬರುವ ಮೊದಲೇ ನಮ್ಮ ಮನೆಗಳಲ್ಲಿ ಭೀಮ ಬಂದು ಕೂತಿದ್ದ. ಫ್ರಾಜೆಟ್ಟಾನ ಹೆಸರು ಟಿ-ಶರ್ಟಿನಲ್ಲಿದೆ. ಆಚಾರ್ಯರ ಹೆಸರು ಕೇಳಿದರೆ ನನ್ನ ವಯಸ್ಸಿನ ಕನ್ನಡಿಗರಲ್ಲಿ ಹತ್ತರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಒಂದು ಕಾರಣ ಸರಳ: ನಾವು ಬೈಂಡ್ ಮಾಡುವಾಗ ಮೊದಲು ಕಿತ್ತು ಬಿಸಾಡುತ್ತಿದ್ದದ್ದು ಮುಖಪುಟವನ್ನೇ.

ಈಗ ಕೊಂಬಿಗೆ ಬರೋಣ. ಚಂದಮಾಮದ ರಾಕ್ಷಸರಿಗೆ ಬಹಳ ಕಡೆ ಎರಡು ಗಿಡ್ಡ ಕೊಂಬು ಇರುತ್ತದೆ. ಬಾದಾಮಿಯಲ್ಲಾಗಲಿ ಹಳೇಬೀಡಿನಲ್ಲಾಗಲಿ ರಾಕ್ಷಸನ ಗುರುತು ಅಂದರೆ ಗುಡ್ಡೆಗಣ್ಣು, ಕೋರೆಹಲ್ಲು. ಕೊಂಬಿನ ದಾರಿ ಬೇರೆ. ಅಕ್ಬರ್ ಮಹಾಭಾರತವನ್ನು ಪಾರ್ಸಿಗೆ ಅನುವಾದ ಮಾಡಿಸಿ, 1580ರ ದಶಕದಲ್ಲಿ ‘ರಜ್ಮ್‌ನಾಮಾ’ ಅಂತ ಚಿತ್ರ ಸಮೇತ ಬರೆಸಿದ. ಅವನ ಚಿತ್ರಶಾಲೆಯವರಿಗೆ ‘ದೇವ್’ ಗೊತ್ತಿದ್ದ. ನಮ್ಮ ದೇವರಲ್ಲ ಮಾರಾಯ್ರೆ, ಪರ್ಷಿಯಾದ ಕಥೆಗಳ ದೈತ್ಯ ದೇವ್. ಮೈಮೇಲೆ ಚುಕ್ಕೆ, ತಲೆಯಲ್ಲಿ ಕೊಂಬು, ಕುತ್ತಿಗೆಗೆ ಗಂಟೆ. ಹಾಗಾಗಿ ಮಹಾಭಾರತದ ರಾಕ್ಷಸನನ್ನು ಬರೆ ಅಂದಾಗ ಅವರ ಕುಂಚಕ್ಕೆ ಬಂದದ್ದು ಅವನೇ. ಅಲ್ಲಿಂದ ಕೊಂಬು ರಾಜಸ್ಥಾನಕ್ಕೆ ಇಳಿಯಿತು. ಮೇವಾಡದ ರಾಣಾ ಜಗತ್‌ಸಿಂಹನಿಗಾಗಿ 1649ರಿಂದ 1653ರ ನಡುವೆ ತಯಾರಾದ ರಾಮಾಯಣದ ಪುಟಗಳನ್ನು ಬ್ರಿಟಿಷ್ ಲೈಬ್ರರಿಯವರು ಇಂಟರ್ನೆಟ್ಟಿನಲ್ಲಿ ಹಾಕಿದ್ದರು. ನಾನು ಒಂದು ಇಡೀ ವೀಕೆಂಡ್ ಅದರಲ್ಲೇ ಕಳೆದಿದ್ದೇನೆ. ಅದರ ಮುಖ್ಯ ಕಲಾವಿದ ಸಾಹಿಬ್‌ದೀನ್, ಒಬ್ಬ ಮುಸಲ್ಮಾನ. ಲಂಕೆಯ ಯುದ್ಧದಲ್ಲಿ ಅವನು ಬರೆದ ರಾಕ್ಷಸರಲ್ಲಿ ಒಬ್ಬ ಹಸಿರು, ಒಬ್ಬ ಕಂದು, ಒಬ್ಬ ಬೂದು. ಕೊಂಬಿನವರು ದಂಡಿಯಾಗಿ ಇದ್ದಾರೆ. ವಾಲ್ಮೀಕಿ ಕೊಡದ ಕೊಂಬನ್ನು ನಮ್ಮ ರಾಕ್ಷಸರಿಗೆ ಕೊಟ್ಟದ್ದು ಪರ್ಷಿಯಾ, ತಂದದ್ದು ಮೊಗಲರ ಚಿತ್ರಶಾಲೆ, ದೇಶಕ್ಕೆಲ್ಲ ಹಂಚಿದ್ದು ಅಚ್ಚುಯಂತ್ರ. ಇಂಗ್ಲಿಷ್ ಪುಸ್ತಕಗಳ ಸೈತಾನನೂ ಈ ದಾರಿಯಲ್ಲಿ ಜೊತೆ ಸೇರಿಕೊಂಡ ಅನ್ನುವುದು ನನ್ನ ತರ್ಕ.

ಇಂಥದ್ದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. ವೈಕಿಂಗ್ ಅಂದರೆ ಕೊಂಬಿನ ಶಿರಸ್ತ್ರಾಣ ಅಲ್ವಾ? ನಿಜವಾದ ವೈಕಿಂಗರು ಅಂಥದ್ದನ್ನು ಯುದ್ಧಕ್ಕೆ ಹಾಕಿಕೊಂಡೇ ಇಲ್ಲ. 1876ರಲ್ಲಿ ಜರ್ಮನಿಯ ಬೈರೊಯ್ಟ್‌ನಲ್ಲಿ ವಾಗ್ನರನ ಸಂಗೀತ ನಾಟಕಕ್ಕೆ ಕಾರ್ಲ್ ಎಮಿಲ್ ಡೋಪ್ಲರ್ ಅನ್ನುವವನು ವೇಷ ಹೊಲಿಸಿದ. ಆ ವೇಷದ ಕೊಂಬು ಚಿತ್ರಕ್ಕೆ, ಚಿತ್ರದಿಂದ ಕಾಮಿಕ್ಸಿಗೆ, ಕಾಮಿಕ್ಸಿನಿಂದ ಮಕ್ಕಳ ತಲೆಗೆ ಹೋಯಿತು. ಅಂದರೆ ಅಲ್ಲೂ ಚೌಕಿಯಿಂದಲೇ ಹೊರಟದ್ದು! ಫ್ರಾಜೆಟ್ಟಾನ ಪ್ರಸಿದ್ಧ ‘ಡೆತ್ ಡೀಲರ್’ (1973) ತಲೆಯಲ್ಲೂ ಕೊಂಬಿನ ಶಿರಸ್ತ್ರಾಣ. ಟೋಲ್ಕಿನ್ ತನ್ನ ಬಾಲ್ರಾಗ್‌ಗೆ ಕೊಂಬಿದೆ ಅಂತ ಎಲ್ಲೂ ಬರೆದಿಲ್ಲ. ಅಲನ್ ಲೀ, ಜಾನ್ ಹೋವ್ ಇಬ್ಬರೂ ಕೆಲಸ ಮಾಡಿದ 2001ರ ಸಿನಿಮಾದಲ್ಲಿ ಅದಕ್ಕೆ ಟಗರಿನ ಹಾಗೆ ಸುತ್ತಿದ ಕೊಂಬು.

ಹೊರಗಿನವರ ಮಾತು ಬಂತು, ಚುಟುಕಾಗಿ ಹೇಳಿಬಿಡುತ್ತೇನೆ. ಅಲನ್ ಲೀ ನನಗೆ ಇಷ್ಟ, ಅವನ ಮರಗಳಿಗಾಗಿ. ಆರ್ಥರ್ ರಾಕಮ್ (1867-1939) ಕೂಡ ಮರಗಳಿಗಾಗಿಯೇ. ಅವನ ಬೇರುಗಳು ನೋಡಿದರೆ ನಮ್ಮ ನಾಗಬನದ ಬೇರು ನೆನಪಾಗುತ್ತದೆ. ಫ್ರಾಜೆಟ್ಟಾನ ಕೈಚಳಕಕ್ಕೆ ನಮಸ್ಕಾರ, ಆದರೆ ಅವನ ಲೋಕದಲ್ಲಿ ಯಾರೂ ಅನ್ನ ಬೇಯಿಸುವುದಿಲ್ಲ, ಬಟ್ಟೆ ಒಗೆಯುವುದಿಲ್ಲ. ಹೊರಗಿನವರಲ್ಲಿ ನನ್ನ ಮೊದಲ ಸ್ಥಾನ ರಷ್ಯಾದ ಇವಾನ್ ಬಿಲಿಬಿನ್‌ಗೆ (1876-1942). ಸೋವಿಯತ್ ಮಕ್ಕಳ ಪುಸ್ತಕಗಳು ನವಕರ್ನಾಟಕದ ಅಂಗಡಿಗಳಲ್ಲಿ ಪುಕ್ಕಟೆ ಅನ್ನುವಷ್ಟು ಕಡಿಮೆ ಬೆಲೆಗೆ ಸಿಗುತ್ತಿದ್ದ ಕಾಲದಲ್ಲಿ ನಮ್ಮ ಮಾವ ತಂದಿಟ್ಟ ಒಂದೆರಡು ಪುಸ್ತಕ ಮನೆಯಲ್ಲಿದ್ದವು, ರಷ್ಯಾದ ಮಾಟಗಾತಿ ಬಾಬಾ ಯಾಗಾಳ ಪರಿಚಯ ಆದದ್ದು ಅದರಿಂದ. ಬಿಲಿಬಿನ್‌ನ ಬಾಬಾ ಯಾಗಾ ಒರಳಿನಲ್ಲಿ ಕೂತು ಒನಕೆ ಹಿಡಿದು ಕಾಡಿನ ಮೇಲೆ ಹಾರುತ್ತಾಳೆ. ಒರಳು, ಒನಕೆ! ಅಮ್ಮಮ್ಮನ ಹಿತ್ತಿಲಿನಿಂದ ಎತ್ತಿಕೊಂಡು ಹೋದ ಹಾಗಿದೆ.

ಅಮರ ಚಿತ್ರ ಕಥೆಯ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು (1929), ಅದು ನಮ್ಮ ಜಿಲ್ಲೆಯ ಹೆಮ್ಮೆ. ಅದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವುದು, ‘ಅಮರ ಚಿತ್ರ ಕಥೆ’ ಅನ್ನುವ ಹೆಸರಿನ ಪುಸ್ತಕ ಮೊದಲು ಬಂದದ್ದೇ ಕನ್ನಡದಲ್ಲಿ. 1965ರಲ್ಲಿ, ಬೆಂಗಳೂರಿನ ಐಬಿಎಚ್‌ನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ. ಮೊದಲ ಹತ್ತು ಪುಸ್ತಕ ಸಿಂಡರೆಲ್ಲಾದಂಥ ಪಾಶ್ಚಾತ್ಯ ಕಥೆಗಳು. ರಾಮ್ ವಾಯೀರ್ಕರ್ ಚಿತ್ರ ಬರೆದ ‘ಕೃಷ್ಣ’ ಹನ್ನೊಂದನೆಯ ನಂಬರಿನಿಂದ ಶುರುವಾಗುವುದು ಅದಕ್ಕೇ.

ಆದರೆ ಅಮರ ಚಿತ್ರ ಕಥೆಯ ರಾಕ್ಷಸರನ್ನು ನನಗೆ ಇಷ್ಟಪಡಲು ಆಗಿಲ್ಲ. ಕೊಂಬಿನ ಕಾರಣಕ್ಕಲ್ಲ, ಮೈಬಣ್ಣದ ಕಾರಣಕ್ಕೆ. ನಾಯಕ ಬೆಳ್ಳಗೆ, ದೇವರಾದರೆ ನೀಲಿ. ರಾಕ್ಷಸ ಅಂದರೆ ಕಪ್ಪು ಅಥವಾ ಕಡು ಕಂದು, ದಪ್ಪ ತುಟಿ, ಗುಂಗುರು ಕೂದಲು. ಪೇಟೆಯಲ್ಲಿ ಮೂಟೆ ಹ��ರುವವರ ಹಾಗೆ, ಗದ್ದೆಯಲ್ಲಿ ನೇಜಿ ನೆಡುವವರ ಹಾಗೆ. ನ್ಯಾಯವಾಗಿ ಹೇಳಬೇಕೆಂದರೆ ಚಂದಮಾಮದಲ್ಲೂ ಇದು ಇತ್ತು, ನನ್ನ ಪ್ರೀತಿಯ ಚಿತ್ರಾ ಅವರಲ್ಲೂ ಇತ್ತು. ನಮ್ಮ ಕ್ಲಾಸಿನಲ್ಲಿ ಕಪ್ಪಗೆ, ಗುಂಗುರು ಕೂದಲಿನ, ಸ್ವಲ್ಪ ದಪ್ಪಗಿನ ಒಬ್ಬ ಹುಡುಗನಿದ್ದ. ಅವನಿಗೆ ಹೆಸರು ಬಿದ್ದದ್ದು ಬಕಾಸುರ. ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಅಂದರೆ ರಾಕ್ಷಸನ ಪಾತ್ರಕ್ಕೆ ಮೇಷ್ಟ್ರು ಬೇರೆ ಯಾರನ್ನೂ ಹುಡುಕುತ್ತಲೇ ಇರಲಿಲ್ಲ. ಅವನು ಮಾತಾಡುವುದು ಕಡಿಮೆ, ಲೆಕ್ಕದಲ್ಲಿ ನಮಗೆಲ್ಲ ಹೇಳಿಕೊಡುತ್ತಿದ್ದ. ಹೆಸರು ಮಾತ್ರ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಬಿಡಲಿಲ್ಲ.

ಬಣ್ಣದ ವೇಷದಲ್ಲಿ ಇದು ಸಾಧ್ಯವೇ ಇಲ್ಲ ನೋಡಿ. ಕೆಂಪು ಕಪ್ಪು ಗೆರೆ, ಸಾಲು ಸಾಲು ಚಿಟ್ಟಿ, ಹತ್ತಿಯ ಉಂಡೆ ಇರುವ ಮುಖ ಊರಿನಲ್ಲಿ ಯಾರಿಗಿದೆ? ರಾವಣನಾದವರು ಬೆಳಗಿನ ಜಾವ ತೆಂಗಿನೆಣ್ಣೆ ಹಚ್ಚಿ ಮುಖ ಉಜ್ಜಿ ತೊಳೆದರೆ ರಾಕ್ಷಸ ನೀರಿನ ಜೊತೆ ಹೋದ. ಯಾವ ಹುಡುಗನ ಬೆನ್ನಿಗೂ ಅವನು ಅಂಟಿಕೊಳ್ಳುವುದಿಲ್ಲ. ಕೊಂಬೂ ಹಾಗೇ. ಸಾಹಿಬ್‌ದೀನನ ಹಸಿರು ಮೈಯ ಕೊಂಬಿನ ರಾಕ್ಷಸನನ್ನು ತೋರಿಸಿ ‘ಇವನು ನಿನ್ನ ಹಾಗೇ ಇದ್ದಾನೆ’ ಅಂತ ಯಾರಿಗೂ ಹೇಳಲಾಗದು. ಪರದೇಶದಿಂದ ಬಂದ ಕೊಂಬಿನ ಮೇಲೆ ಮೊದಲು ನನಗೆ ಸ್ವಲ್ಪ ಅಸಮಾಧಾನ ಇತ್ತು, ನಮ್ಮದಲ್ಲ ಅಂತ. ಈಗ ಇಲ್ಲ. ರಾಕ್ಷಸನಿಗೆ ಪಕ್ಕದ ಮನೆಯವನ ಮೈಬಣ್ಣ ಕೊಡುವುದಕ್ಕಿಂತ ಪರ್ಷಿಯಾದ ಕೊಂಬು ಕೊಡುವುದು ಎಷ್ಟೋ ವಾಸಿ.

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗಳಿಗೆ ಕಳೆದ ವರ್ಷ ಬಣ್ಣದ ವೇಷದ ಒಂದು ಫೋಟೋ ತೋರಿಸಿ ಇದನ್ನು ಬರಿ ಅಂದೆ. "ಮಾವ, ಕೊಂಬಿಲ್ದಿದ್ರೆ ಇದು ರಾಕ್ಷಸ ಹೇಗಾಗತ್ತೆ?" ಅಂದಳು. ಬರೆದಳು, ಕೊಂಬು ಸೇರಿಸಿಯೇ. ಆದರೆ ಚಿಟ್ಟಿಯನ್ನು ಎಣಿಸಿ ಎಣಿಸಿ ಇಟ್ಟಿದ್ದಳು. ಮಜಾ ಅಂದ್ರೆ, ಅದೇ ವಾರ ಕಂಪ್ಯೂಟರಿಗೆ ಚಿತ್ರ ಬರೆಯಲು ಹೇಳುವ ಒಂದು ಸಾಫ್ಟ್‌ವೇರಿನಲ್ಲಿ ನಾನು ‘ಯಕ್ಷಗಾನದ ಬಣ್ಣದ ವೇಷ, ರಾವಣ’ ಅಂತ ಕೊಟ್ಟು ನೋಡಿದೆ. ಸೆಕೆಂಡಿನಲ್ಲಿ ಬಂತು. ಕಡು ಕಪ್ಪು ಮೈ, ಕೆಂಪು ಕಣ್ಣು, ಹಿಂದೆ ಬೆಂಕಿ, ಟಗರಿನ ಕೊಂಬು. ಚಿಟ್ಟಿ ಇಲ್ಲ. ನಮ್ಮ ಆಟದ ಫೋಟೋಗಳಿಗಿಂತ ಬಾಲ್ರಾಗ್‌ನ ಫೋಟೋಗಳನ್ನೇ ಅದು ಸಾವಿರ ಪಾಲು ಹೆಚ್ಚು ನೋಡಿದೆ ಅನ್ನುವುದು ಗೊತ್ತಾಗಲು ಇಂಜಿನಿಯರಿಂಗ್ ಓದಬೇಕಾಗಿಲ್ಲ.

ವಾಟ್ಸ್ಯಾಪಿನಲ್ಲಿ ಈಗ ‘ಹಳೆ ಚಂದಮಾಮ ಶೈಲಿ’ ಅಂತ ಇಂಥ ಚಿತ್ರಗಳು ಓಡಾಡುತ್ತಿವೆ. ಶಂಕರ್ ಅವರ ನಿಜವಾದ ಚಿತ್ರಗಳೂ ಅದರ ಜೊತೆಗೇ ಓಡಾಡುತ್ತಿವೆ, ಮೂಲೆಯಲ್ಲಿದ್ದ ಸಹಿಯನ್ನು ಕತ್ತರಿಸಿ. ಇನ್ನು ನಮ್ಮ ಕಡೆ ಇಡೀ ರಾತ್ರಿಯ ಆಟ ಹೋಗಿ ಕಾಲಮಿತಿ ಪ್ರಯೋಗ ಹೆಚ್ಚಾದ ಮೇಲೆ ಮೊದಲು ಕತ್ತರಿ ಬೀಳುವುದು ಬಣ್ಣದ ವೇಷದ ಒಡ್ಡೋಲಗಕ್ಕೆ. ರಾವಣನಿಗೆ ಸ್ನಾನ ಮಾಡಲೂ ಪುರುಸೊತ್ತಿಲ್ಲ, ಪೂಜೆಗೂ ಇಲ್ಲ, ಬಂದವನೇ ಯುದ್ಧಕ್ಕೆ ನಿಲ್ಲಬೇಕು. ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಬರೆದ ಮುಖ ರಂಗದ ಮೇಲೆ ಅರ್ಧ ಗಂಟೆ ಇದ್ದರೆ ಹೆಚ್ಚು.

ನಿಮ್ಮ ಅಟ್ಟದಲ್ಲಿ ಮುಖಪುಟ ಕೀಳದೆ ಉಳಿದಿರುವ 1950-60ರ ದಶಕದ ಕನ್ನಡ ಚಂದಮಾಮ ಇದ್ದರೆ ಒಮ್ಮೆ ತೆಗೆದು, ಚಿತ್ರದ ಮೂಲೆ ನೋಡಿ, ಯಾರ ಸಹಿ ಇದೆ ಅಂತ ಹೇಳಿ. ಆಚಾರ್ಯರದ್ದಾಗಿದ್ದರೆ ಒರಲೆ ಹಿಡಿಯುವ ಮೊದಲು ಒಂದು ಫೋಟೋ ತೆಗೆದಿಡಿ. ಹೋಗಲಿ, ಒರಲೆ ಹಿಡಿದಿದ್ದರೂ ತೆಗೆದಿಡಿ. ನಾನು ಮುಂದಿನ ತಿಂಗಳು ಊರಿಗೆ ಹೋಗುವವನಿದ್ದೇನೆ, ಮನೆ ಹತ್ತಿರ ಒಂದು ಹರಕೆ ಆಟ ಇದೆ, ದೇವಿ ಮಹಾತ್ಮೆಯೇ. ಚೌಕಿಯಲ್ಲಿ ಕೂತು ಮಹಿಷಾಸುರನಿಗೆ ಕೋಡು ಕಟ್ಟುವುದನ್ನು ಪೂರ್ತಿ ನೋಡಬೇಕು ಅಂತಿದೆ. ಯಾರಾದರೂ ಬರುವವರಿದ್ದರೆ ತಿಳಿಸಿ, ರಾತ್ರಿ ಊಟ ನಮ್ಮನೆಯಲ್ಲೇ.